ಲೆಕ್ಕ ಒಪ್ಪಿಸುವ ಮಾತು

ಕುರ್ಚಿ ಬಿಟ್ಟವರೆಲ್ಲ ಹೊಣೆ ಹೊತ್ತವರು ಅಂತ ನಾವು ಒಪ್ಪೋದಿಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, 1985ರಲ್ಲಿ ಗೆದ್ದು ಅದೇ ಕುರ್ಚಿಗೆ ಬಂದರು. ಮತ್ತೆ ಜನರ ಮುಂದೆ ಹೋದದ್ದು ಸರಿಯೇ. ಆದರೆ ಅದು ಸೀಟಿನ ಲೆಕ್ಕ. ಕೆಲಸದ ಲೆಕ್ಕ ಬೇರೆ.

ಬಾಬಾಸಾಹೇಬರು 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿ ಪದವಿ ಬಿಟ್ಟರು. ಅಕ್ಟೋಬರ್ 10ರಂದು, ಸದನದಲ್ಲಿ ಓದಲು ಅಡ್ಡಿ ಬಂದಾಗ ಹೊರನಡೆದು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯನ್ನು ನಾವು ಒಂದು ಕೃತಿಯಾಗಿಯೇ ಓದಬೇಕು. ಕಾರಣಗಳನ್ನು ಒಂದೊಂದಾಗಿ ಎತ್ತಿಡುತ್ತಾರೆ: ಪರಿಶಿಷ್ಟರ ಕಡೆಗಣನೆ, ವಿದೇಶಾಂಗ ನೀತಿ, ಹೆಣ್ಣುಮಕ್ಕಳಿಗೆ ಆಸ್ತಿ-ವಿಚ್ಛೇದನದ ಹಕ್ಕು ತರಬೇಕಿದ್ದ ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದು. ಬೇರೆಯವರನ್ನು ದೂರಿ ಅಲ್ಲಿಗೇ ನಿಲ್ಲೋದಿಲ್ಲ. ಇಷ್ಟು ಬೇಸರವಿದ್ದೂ ತಾವು ಯಾಕೆ ಉಳಿದರು, ಆ ಬಿಲ್ಲನ್ನು ಮದುವೆ-ವಿಚ್ಛೇದನಕ್ಕಷ್ಟೇ ಮೊಟಕು ಮಾಡಲೂ ಯಾಕೆ ಒಪ್ಪಿದರು ಅನ್ನೋದನ್ನೂ ಹೇಳ್ತಾರೆ. ತಮ್ಮ ರಾಜಿಯನ್ನೂ ಲೆಕ್ಕಕ್ಕೆ ಹಿಡಿದ ಈ ಭಾಗವೇ ಹೇಳಿಕೆಯ ಜೀವಾಳ.

ನಮ್ಮ ಕೇರಿಗಳಿಂದ ಆರಿಸಿಹೋದವರನ್ನು ನಾವು ಕೇಳಬೇಕಾದ್ದೂ ಇದನ್ನೇ: ಒಳಗಿದ್ದು ಏನು ಬಿಟ್ಟುಕೊಟ್ಟಿರಿ, ಯಾವುದಕ್ಕಾಗಿ? ಸಂಘಟನೆಯ ಕುರ್ಚಿಯಲ್ಲಿ ಕೂತ ನಮ್ಮನ್ನೂ ಕೇರಿ ಹೀಗೇ ಕೇಳಲಿ.