ಸಮಸ್ಯೆಯ ಮೊದಲ ಓದು: ಪೋಲ್ಯಾ ಗ್ರಂಥವನ್ನು ಗಡಿನಾಡಿನಿಂದ ಕಂಡಾಗ

ಗಣಿತ ಬೋಧನೆಯನ್ನು ಕುರಿತ ಚರ್ಚೆಗಳಲ್ಲಿ ಜಾರ್ಜ್ ಪೋಲ್ಯಾ ಅವರ ‘ಹೌ ಟು ಸಾಲ್ವ್ ಇಟ್’ (1945) ಇಂದಿಗೂ ಆಕರಗ್ರಂಥದ ಸ್ಥಾನದಲ್ಲಿದೆ. ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಯೋಜನೆ ರೂಪಿಸುವುದು, ಅದನ್ನು ನೆರವೇರಿಸುವುದು, ಹಿಂದಿರುಗಿ ನೋಡುವುದು ಎಂಬ ಅದರ ನಾಲ್ಕು ಹಂತಗಳನ್ನು ಅರಿಯದ ಗಣಿತ ಶಿಕ್ಷಕರು ವಿರಳ. ಚರ್ಚೆ ಹೆಚ್ಚಾಗಿ ನಡೆದಿರುವುದು ಎರಡನೆಯ ಹಂತದ ಸುತ್ತ, ಅಂದರೆ ಪರಿಹಾರದ ಹೊಳಹು ಹೇಗೆ ಹುಟ್ಟುತ್ತದೆ ಎಂಬುದರ ಸುತ್ತ. ಪ್ರಸ್ತುತ ಲೇಖನ ಮೊದಲ ಹಂತದಲ್ಲಿಯೇ ನಿಲ್ಲಬಯಸುತ್ತದೆ. ಏಕೆಂದರೆ ರಾಜ್ಯದ ಗಡಿಯಾಚೆಗಿನ ಕನ್ನಡ ಶಾಲೆಗಳ ಮಾಧ್ಯಮಿಕ ಹಂತದಲ್ಲಿ ಅನೇಕ ಮಕ್ಕಳು ಎಡವುವುದು ಅಲ್ಲಿಯೇ.

ಮೊದಲ ಹಂತದ ಬಗ್ಗೆ ಪೋಲ್ಯಾ ಹೇಳುವ ಮಾತು ಸರಳವಾದುದು. ಸಮಸ್ಯೆಯ ವಾಕ್ಯರೂಪ ವಿದ್ಯಾರ್ಥಿಗೆ ಮೊದಲು ತಿಳಿಯಬೇಕು. ಅದನ್ನು ಅವನು ತಡವರಿಸದೆ ತಾನೇ ಹೇಳಬಲ್ಲವನಾಗಬೇಕು. ಕಂಡುಹಿಡಿಯಬೇಕಾದುದು ಯಾವುದು, ದತ್ತವಾದುದು ಯಾವುದು, ಅವೆರಡನ್ನು ಬೆಸೆಯುವ ನಿಬಂಧನೆ ಯಾವುದು ಎಂಬುದನ್ನು ಬೇರ್ಪಡಿಸಬೇಕು. ಆಯತಘನದ ಕರ್ಣವನ್ನು ಕಲಿಸುವಾಗ ಮಕ್ಕಳು ಕುಳಿತ ಕೋಣೆಯನ್ನೇ ಘನಾಕೃತಿಯಾಗಿ ತೋರಿಸುವ ಅವರ ಕ್ರಮದಲ್ಲಿ ಉತ್ತಮ ಅಧ್ಯಾಪಕನ ಜಾಣ್ಮೆಯಿದೆ. ಆದರೆ ‘ತಡವರಿಸದೆ ಹೇಳುವುದು’ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಗ್ರಂಥದಲ್ಲಿ ಏಳುವುದಿಲ್ಲ. ಶಿಕ್ಷಕ, ಪುಸ್ತಕ, ವಿದ್ಯಾರ್ಥಿ ಮೂವರದೂ ಒಂದೇ ನುಡಿ ಎಂಬುದು ಅದರ ಮೌನವಾದ ಗೃಹೀತ.

ಇದು ಸೋಜಿಗದ ಸಂಗತಿ. ಬುಡಾಪೆಸ್ಟಿನಲ್ಲಿ ಹುಟ್ಟಿದ ಪೋಲ್ಯಾ ಜ್ಯೂರಿಚ್‌ನಲ್ಲಿ ಜರ್ಮನ್ ಭಾಷೆಯಲ್ಲಿ ಪಾಠ ಹೇಳಿ, 1940ರಲ್ಲಿ ಅಮೆರಿಕ ಸೇರಿ ಇಂಗ್ಲಿಷಿನಲ್ಲಿ ಈ ಗ್ರಂಥವನ್ನು ಪ್ರಕಟಿಸಿದವರು. ಸಮೀಕರಣ ರಚಿಸುವುದೆಂದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸಿದಂತೆ ಎಂಬ ಹೋಲಿಕೆಯನ್ನೂ ಅವರು ನ್ಯೂಟನ್ನನ ಮಾತಿನಿಂದ ಪಡೆದು ಬೆಳೆಸುತ್ತಾರೆ. ಆದರೆ ಅವರು ಎಣಿಸುವ ಅನುವಾದ ಒಂದೇ: ಆಡುನುಡಿಯಿಂದ ಸಂಕೇತಕ್ಕೆ. ಕಾಸರಗೋಡಿನ ಕನ್ನಡ ತರಗತಿಯಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಹವ್ಯಕವೋ ಆಗಿರುವ ಮಗು ಅದಕ್ಕೂ ಮುಂಚೆ ಪಠ್ಯದ ಕನ್ನಡವನ್ನು ತನ್ನದಾಗಿಸಿಕೊಳ್ಳಬೇಕು. ಆ ಕನ್ನಡವೂ ಹಲವೊಮ್ಮೆ ಬೇರೊಂದು ಭಾಷೆಯ ವಾಕ್ಯವಿನ್ಯಾಸವನ್ನು ಹೊತ್ತು ಬಂದಿರುತ್ತದೆ.

ಒಂದು ಲೆಕ್ಕವನ್ನು ನೋಡೋಣ. ‘ಒಂದು ತೋಟದಲ್ಲಿ 240 ಅಡಿಕೆ ಮರಗಳಿವೆ, ಇದು ಅಲ್ಲಿರುವ ತೆಂಗಿನ ಮರಗಳ ಸಂಖ್ಯೆಯ ಮೂರು ಪಟ್ಟು. ತೆಂಗಿನ ಮರಗಳೆಷ್ಟು?’ ‘ಪಟ್ಟು’ ಎಂಬುದನ್ನು ಕಂಡೊಡನೆ ಗುಣಿಸಿ 720 ಎಂದು ಬರೆಯುವ ಮಗುವಿಗೆ ಗುಣಾಕಾರ ಚೆನ್ನಾಗಿಯೇ ಬರುತ್ತದೆ. ಅದು ಗಮನಿಸದಿರುವುದು ‘ಇದು’ ಎಂಬ ಸರ್ವನಾಮವನ್ನು ಮತ್ತು ‘ಸಂಖ್ಯೆಯ’ ಎಂಬಲ್ಲಿನ ಷಷ್ಠೀ ವಿಭಕ್ತಿಯನ್ನು. ಯಾವುದು ಯಾವುದರ ಮೂರು ಪಟ್ಟು ಎಂಬುದು ತಿಳಿದರೆ 80 ಎಂಬ ಉತ್ತರ ತಾನಾಗಿ ಬರುತ್ತದೆ. 720 ಬಂದಾಗ ಹಿಂದಿರುಗಿ ನೋಡಿದರೂ ಸಾಕು. ಅಡಿಕೆಗಿಂತ ತೆಂಗು ಹೆಚ್ಚಾಗಿ, ಹೇಳಿಕೆ ತಲೆಕೆಳಗಾಗುತ್ತದೆ. ‘ಒಟ್ಟು ಎಂದರೆ ಕೂಡು, ಉಳಿದ ಎಂದರೆ ಕಳೆ’ ಎಂಬ ಸುಲಭೋಪಾಯವನ್ನು ಕಲಿಸುವ ತರಗತಿಯಲ್ಲಿ ಈ ಓದಿಗೆ ಎಡೆಯಿಲ್ಲ. ಭಾಷೆ ದುರ್ಬಲವಾದಷ್ಟೂ ಮಗು ಇಂಥ ಸೂಚಕಪದಗಳಿಗೆ ಜೋತುಬೀಳುತ್ತದೆ. ಉತ್ತರಪತ್ರಿಕೆಯಲ್ಲಿ ಮಾತ್ರ ಅದು ಗಣಿತದ ದೌರ್ಬಲ್ಯವೆಂದೇ ದಾಖಲಾಗುತ್ತದೆ.

ಪರಿಭಾಷೆಯ ವಿಷಯದಲ್ಲಿ ಗಡಿನಾಡು ಕೇವಲ ತೊಡಕಿನ ನೆಲೆಯಲ್ಲ, ಸಂಪತ್ತಿನ ನೆಲೆಯೂ ಹೌದು. ಕನ್ನಡದ ‘ಸುತ್ತಳತೆ’, ಮಲಯಾಳದ ‘ಚುಟ್ಟಳವು’, ತಮಿಳಿನ ‘ಸುಟ್ರಳವು’, ತೆಲುಗಿನ ‘ಚುಟ್ಟುಕೊಲತ’ ಇವೆಲ್ಲ ಸುತ್ತಿ ಅಳೆಯುವ ಕ್ರಿಯೆಯನ್ನೇ ಹೆಸರಿನಲ್ಲಿ ಹಿಡಿದಿವೆ. ಮರಾಠಿಯ ‘ಪರಿಮಿತಿ’ಯಲ್ಲಿ ಆ ಕ್ರಿಯೆ ಮಗುವಿಗೆ ಅಷ್ಟು ನೇರವಾಗಿ ಕಾಣದು. ಕನ್ನಡದ ಕಿವಿಗೆ ಅದು ‘ಎಲ್ಲೆ’ ಎಂಬ ಬೇರೆ ಅರ್ಥವನ್ನೂ ತರುತ್ತದೆ. ವಿಸ್ತೀರ್ಣದಲ್ಲಿ ಸ್ಥಿತಿ ಬೇರೆ: ತಮಿಳು, ಮಲಯಾಳಗಳ ‘ಪರಪ್ಪಳವು’ ಹರಹಿನ ಅಳತೆಯೆಂದು ತಾನೇ ಹೇಳುತ್ತದೆ, ನಮ್ಮ ‘ವಿಸ್ತೀರ್ಣ’ವನ್ನು ಬಿಡಿಸಿ ಹೇಳಬೇಕಾಗುತ್ತದೆ. 24 ಮೀಟರ್ ಹಗ್ಗದಿಂದ ಆಯತಾಕಾರದ ಪಾತಿಗಳನ್ನು ಸುತ್ತುವರಿಯಲು ಮಕ್ಕಳಿಗೆ ಹೇಳಿ, 11 ಮತ್ತು 1, 8 ಮತ್ತು 4, 6 ಮತ್ತು 6 ಮೀಟರ್ ಬಾಹುಗಳಿಗೆ ವಿಸ್ತೀರ್ಣ ಕ್ರಮವಾಗಿ 11, 32, 36 ಚದರ ಮೀಟರ್ ಆಗುವುದನ್ನು ಕಾಣಿಸಿದರೆ, ಸುತ್ತು ಒಂದೇ ಆದರೂ ಹರಹು ಬೇರೆ ಎಂಬುದು ಎರಡು ಭಾಷೆಗಳ ನೆರವಿನಿಂದ ಸ್ಪಷ್ಟವಾಗುತ್ತದೆ. ಸಂಖ್ಯಾವಾಚಕಗಳಲ್ಲೂ ಹೀಗೆಯೇ. ಕನ್ನಡದ ‘ಇಪ್ಪತ್ತೈದು’ ಹತ್ತನ್ನು ಮೊದಲು ಹೇಳುತ್ತದೆ, ಮರಾಠಿಯ ‘ಪಂಚವೀಸ್’ ಬಿಡಿಯನ್ನು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಶಿಕ್ಷಕರು ಈ ಭೇದವನ್ನು ಮುಚ್ಚುವ ಬದಲು ಮುಂದಿಟ್ಟರೆ, ಅದೇ ಸ್ಥಾನಬೆಲೆಯ ಒಂದು ಪಾಠವಾಗಬಲ್ಲದು.

ಗಣಿತವನ್ನು ಭಾಷೆಯಿಂದ ಭಾಷೆಗೆ ತರುವ ಕೆಲಸ ನಮಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ, ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಲೆಕ್ಕವನ್ನು ಕೇಳುವವನ ನುಡಿಯಲ್ಲಿ ಕೇಳಬೇಕೆಂಬ ವಿವೇಕ ಆ ಪರಂಪರೆಗೆ ಇತ್ತು.

ಇಂದಿನ ಸ್ಥಿತಿಯಲ್ಲಿ ಒಂದು ವಿಪರ್ಯಾಸವಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಆ ಹಂತವನ್ನು ಐದನೆಯ ತರಗತಿಗೇ ಮುಗಿಸಿ ಓದಿದರೆ, ಅಕ್ಷರಗಳು ಸಂಖ್ಯೆಗಳ ಸ್ಥಾನಕ್ಕೆ ಬರುವ, ಅನುಪಾತವೂ ಬೀಜಗಣಿತವೂ ತೊಡಗುವ, ಅಂದರೆ ಅರ್ಥಗ್ರಹಣ ಭಾಷೆಯನ್ನು ಅತಿ ಹೆಚ್ಚು ಬೇಡುವ ಹೊತ್ತಿಗೇ ಆ ಆಸರೆ ಸಡಿಲುತ್ತದೆ.

ಆದ್ದರಿಂದ ಪೋಲ್ಯಾ ಅವರ ಗ್ರಂಥವನ್ನು ನಾವು ಕೈಬಿಡಬೇಕಿಲ್ಲ, ಅದರ ಮೊದಲ ಹಂತವನ್ನು ವಿಸ್ತರಿಸಬೇಕಿದೆ. ಮಗು ಸಮಸ್ಯೆಯನ್ನು ಮೊದಲು ತನ್ನ ಮನೆಮಾತಿನಲ್ಲಿ ಹೇಳಲಿ, ಬಳಿಕ ಪಠ್ಯದ ಕನ್ನಡದಲ್ಲಿ, ಕೊನೆಗೆ ಸಂಕೇತದಲ್ಲಿ. ಪಠ್ಯವನ್ನು ಅನುವಾದಿಸುವವರು ವಾಕ್ಯವನ್ನು ಮೂಲದೊಡನೆ ಮಾತ್ರ ಹೋಲಿಸದೆ, ಅದನ್ನೋದಿದ ಮಗು ಯಾವ ಸಮೀಕರಣ ಬರೆಯಿತೆಂಬುದರಿಂದಲೂ ಪರೀಕ್ಷಿಸಲಿ. ‘ಲೆಕ್ಕ ಬಾರದು’ ಎಂದು ಒಂದು ಮಗುವಿನ ಮೇಲೆ ತೀರ್ಪಿಡುವ ಮುನ್ನ, ಲೆಕ್ಕ ಅದರ ಬಳಿಗೆ ಬಂದಿತ್ತೇ ಎಂದು ಕೇಳುವ ಹೊಣೆ ನಮ್ಮದು.