ತೀರ್ಪಿನ ಕಾರಣಗಳನ್ನು ಕೇಳಿದವರು

ನಮ್ಮ ದೇಶದಲ್ಲಿ ಸಾಂವಿಧಾನಿಕ ತೀರ್ಪುಗಳ ವಿಮರ್ಶೆ ಎಂಬುದೊಂದು ಪರಂಪರೆಯಾಗಿ ಬೆಳೆದಿದ್ದರೆ ಅದರ ದೊಡ್ಡ ಪಾಲು ಎಚ್.ಎಂ. ಸೀರ್ವಾಯಿಯವರಿಗೆ ಸಲ್ಲಬೇಕು. ಸಂವಿಧಾನದ ಮೇಲಿನ ಅವರ ಬೃಹತ್ ಗ್ರಂಥದ ಮೊದಲ ಆವೃತ್ತಿ ಬಂದದ್ದು 1967ರಲ್ಲಿ. ಅದಕ್ಕೆ ಮುಂಚೆಯೇ ದುರ್ಗಾದಾಸ ಬಸು ಅವರ ವ್ಯಾಖ್ಯಾನ ವಕೀಲರ ಮೇಜಿನ ಮೇಲಿತ್ತು. ಬಸು ಪ್ರತಿ ವಿಧಿಯ ಕೆಳಗೂ ತೀರ್ಪುಗಳನ್ನು ಜೋಡಿಸಿ ಕೊಟ್ಟರು. ಸೀರ್ವಾಯಿ ಆ ತೀರ್ಪುಗಳನ್ನೇ ವಿಚಾರಣೆಗೆ ನಿಲ್ಲಿಸಿದರು. ನ್ಯಾಯಮೂರ್ತಿಗಳ ತರ್ಕ ಯಾವ ಹೆಜ್ಜೆಯಲ್ಲಿ ಜಾರಿತು, ಯಾವ ಹಿಂದಿನ ತೀರ್ಪನ್ನು ತಪ್ಪಾಗಿ ಓದಲಾಯಿತು ಎಂದು ಪುಟಗಟ್ಟಲೆ ಬರೆದರು.

ಈ ವಿಧಾನದ ಬಲ ತಿಳಿಯಬೇಕಾದರೆ ಕೇಶವಾನಂದ ಭಾರತಿ ಪ್ರಕರಣವನ್ನು ನೋಡಬೇಕು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾಯ್ದೆಯನ್ನು ಪ್ರಶ್ನಿಸಿ ಹೋದದ್ದು, 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದ್ದು, 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಕೆಡಿಸಲಾಗದೆಂಬ 'ಮೂಲ ಸಂರಚನೆ' ಸಿದ್ಧಾಂತ 7–6ರ ಕೂದಲೆಳೆ ಅಂತರದಲ್ಲಿ ಹುಟ್ಟಿದ್ದು ಕನ್ನಡ ಓದುಗರಿಗೆ ಗೊತ್ತಿರುವ ಸಂಗತಿ. ಅಲ್ಲಿ ಕೇರಳ ಸರ್ಕಾರದ ಪರ, ಅಂದರೆ ಈ ಸಿದ್ಧಾಂತದ ವಿರುದ್ಧ, ವಾದಿಸಿದವರು ಸೀರ್ವಾಯಿ. ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಅಂಥ ಮಿತಿಯಿಲ್ಲವೆಂಬುದು ಅವರ ನಿಲುವಾಗಿತ್ತು. ಎರಡೇ ವರ್ಷಗಳಲ್ಲಿ 39ನೇ ತಿದ್ದುಪಡಿ ಬಂದು ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಗೆ ಸಿಗದಂತೆ ಮಾಡಿತು. 1975ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಈ ತೀರ್ಪಿನ ಬೆಳಕಿನಲ್ಲಿ ಹಳೆಯದನ್ನು ಮತ್ತೆ ಪರಿಶೀಲಿಸಿದ ಸೀರ್ವಾಯಿ, ತಾವು ಎದುರಿಸಿದ್ದ ಸಿದ್ಧಾಂತವೇ ಸರಿಯೆಂದು ನಂತರದ ಆವೃತ್ತಿಯಲ್ಲಿ ಒಪ್ಪಿಕೊಂಡರು. ಕಕ್ಷಿಯ ಪರ ನಿಂತ ವಕೀಲರೊಬ್ಬರು ವಿಮರ್ಶಕರಾಗಿ ಇಷ್ಟು ದೂರ ಬಂದದ್ದು ನಮ್ಮ ಕಾನೂನು ಸಾಹಿತ್ಯದ ಅತ್ಯಂತ ಗೌರವದ ಗಳಿಗೆಯೆಂದು ನಾನು ಭಾವಿಸುತ್ತೇನೆ.

ಸೀರ್ವಾಯಿಯವರ ವಿಮರ್ಶೆಗೆ ಇನ್ನೊಂದು ಉದಾಹರಣೆ ನೋಡಿ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿಗೆ ಬರಬಹುದೆಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರಲ್ಲಿ ಸುಪ್ರೀಂ ಕೋರ್ಟ್ 4–1ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಆ ತೀರ್ಪನ್ನು ಖಂಡಿಸಲೆಂದೇ ಸೀರ್ವಾಯಿ 1978ರಲ್ಲಿ ಒಂದು ಪುಸ್ತಕ ಬರೆದರು. ನ್ಯಾಯಾಲಯ ತನ್ನ ತಪ್ಪನ್ನು ವಿಧಿವತ್ತಾಗಿ ಅಳಿಸಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ.

ಆದರೂ ಈ ಪರಂಪರೆಗೊಂದು ಕೊರತೆಯಿದೆ. ಅದು ತರ್ಕವನ್ನು ನೋಡಿದಷ್ಟು ಕಟಕಟೆಯ ಬಳಿ ನಿಂತ ಮನುಷ್ಯರನ್ನು ನೋಡಲಿಲ್ಲ. ಆ ಕೊರತೆಯನ್ನು ತುಂಬಿದವರು ಕಾನೂನು ವಿದ್ವಾಂಸ ಉಪೇಂದ್ರ ಬಕ್ಷಿ ಮತ್ತು ಅವರ ಜೊತೆಗಾರರು. ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದ ಆರೋಪ ಹೊತ್ತ ಪೊಲೀಸರನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತ್ತು. ಅವಳ ಮೈಮೇಲೆ ಗಾಯವಿರಲಿಲ್ಲ, ಪ್ರತಿರೋಧದ ಗುರುತಿರಲಿಲ್ಲ ಎಂಬುದು ಕಾರಣಗಳಲ್ಲೊಂದು. ಮರುವರ್ಷ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಠಾಣೆಯೊಳಗೆ, ಖಾಕಿಯ ಮುಂದೆ ಹೆದರಿ ಸುಮ್ಮನಾದವಳು ಒಪ್ಪಿದಳೆಂದು ಹೇಗೆ ಹೇಳುತ್ತೀರಿ ಎಂಬುದು ಅದರ ತಿರುಳು. ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನೇ ಬದಲಾಯಿತು: ಕಸ್ಟಡಿಯಲ್ಲಿ ನಡೆದ ಅತ್ಯಾಚಾರದಲ್ಲಿ ತಾನು ಸಮ್ಮತಿಸಿರಲಿಲ್ಲವೆಂದು ಹೆಣ್ಣು ಹೇಳಿದರೆ ಕೋರ್ಟ್ ಅದನ್ನೇ ನಂಬಿ ಹೊರಡಬೇಕೆಂಬ ನಿಯಮ ಬಂತು. ಸೀರ್ವಾಯಿಯವರ ಸೂಕ್ಷ್ಮ ಓದು ಮತ್ತು ಬಕ್ಷಿಯವರ ಮನುಷ್ಯದೃಷ್ಟಿ ಕೂಡಿದಲ್ಲಿ ವಿಮರ್ಶೆ ಸಂಪೂರ್ಣವಾಗುತ್ತದೆ.

ಈಗಿನ ಚರ್ಚೆಗಳಲ್ಲಿ ಎರಡೂ ಅಪರೂಪ. ತೀರ್ಪು ಬಂದ ಸಂಜೆ ಗೆದ್ದವರಾರು, ಸೋತವರಾರು ಎಂಬುದಷ್ಟೇ ಮಾತು. ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನೇ ನೋಡಿ. 1989ರಲ್ಲಿ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು ಅಸಾಂವಿಧಾನಿಕ, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ವಿಧಾನಸೌಧದಲ್ಲಿ ಬಿಕ್ಕಟ್ಟೆದ್ದಾಗಲೆಲ್ಲ ನಾವು ಆ ಹೆಸರು ಹೇಳುತ್ತೇವೆ. ಹೋದ ಸರ್ಕಾರ ತಿರುಗಿ ಬರದಷ್ಟು ತಡವಾಗಿ ಬಂದ ನ್ಯಾಯದ ಬೆಲೆಯೇನು ಎಂದು ಮಾತ್ರ ಕೇಳುವುದಿಲ್ಲ.

ಸಂವಿಧಾನದ 348ನೇ ವಿಧಿಯಿಂದಾಗಿ ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿದೆ, ನಿಜ. ಆದರೆ 2019ರಿಂದ ಆಯ್ದ ತೀರ್ಪುಗಳ ಕನ್ನಡ ಅನುವಾದ ಸಿಗುತ್ತಿದೆ. ಅನುವಾದ ಓದಲು ಕೊಡುತ್ತದೆ, ಪ್ರಶ್ನಿಸುವ ಕೆಲಸ ನಮ್ಮದು. ನಮ್ಮ ಕಾನೂನು ಕಾಲೇಜುಗಳ ಅಧ್ಯಾಪಕರು, ವಕೀಲರು ಬಹುಮತದ ತೀರ್ಪನ್ನೂ ಭಿನ್ನಮತವನ್ನೂ ಎದುರಿಗಿಟ್ಟುಕೊಂಡು ಕನ್ನಡದಲ್ಲಿ ಬರೆಯಲಿ. ಬೊಮ್ಮಾಯಿ ತೀರ್ಪಿನಿಂದಲೇ ಶುರು ಮಾಡಲಿ.