ಹಂಪೆಯನ್ನು ನೋಡುವ ರೀತಿ

ಹಂಪೆ ಕೆಟ್ಟುಹೋಯಿತೆಂದು ಮರುಗುವುದು ನಮ್ಮ ಪ್ರವಾಸಲೇಖಕರಲ್ಲಿ ಒಂದು ಸಂಪ್ರದಾಯವೇ ಆಗಿದೆ. ಹಿಂದೊಮ್ಮೆ ಆ ಬಂಡೆಗಳ ನಡುವೆ ಏಕಾಂತವಾಗಿ ಅಲೆದವರು, ಇಂದು ಅಲ್ಲಿ ನೆರೆಯುವ ಜನಸಂದಣಿಯನ್ನೂ ವಾಹನಗಳ ಸಾಲನ್ನೂ ಕಂಡು ನಿಟ್ಟುಸಿರಿಟ್ಟು, ಆ ನಿಟ್ಟುಸಿರನ್ನೇ ವಿಮರ್ಶೆಯೆಂದು ಭಾವಿಸುತ್ತಾರೆ. 1565ರ ಪತನದ ಕಥೆಯನ್ನೂ, 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ವೃತ್ತಾಂತವನ್ನೂ ಓದುಗರು ಬಲ್ಲರು. ನನ್ನ ಆಕ್ಷೇಪವಿರುವುದು ಹಂಪೆಯನ್ನು ನೋಡಲು ನಾವು ರೂಢಿಸಿಕೊಂಡಿರುವ ಕ್ರಮದ ಮೇಲೆ.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಪರೀಕ್ಷಿಸೋಣ. 50 ರೂಪಾಯಿಯ ನೋಟನ್ನೇರಿ ಮನೆಮನೆಗೂ ತಲುಪಿರುವ ಈ ರಚನೆ ವಸ್ತುತಃ ಗರುಡನ ಗುಡಿ. ಸ್ವಾಮಿಯ ಎದುರಿನಲ್ಲಿ ವಾಹನಕ್ಕೆ ಕಲ್ಪಿಸಿದ ಸನ್ನಿಧಿ. ಏಕಶಿಲೆಯೆಂಬ ಪ್ರತೀತಿಯಿದೆ; ಸಮೀಪಿಸಿ ನೋಡಿದವರಿಗೆ ಕಲ್ಲುಕಲ್ಲಿನ ನಡುವಿನ ಸಂದುಗಳು ಕಾಣುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವುಂಟು; ಈಗ ಅದು ಇಲ್ಲ. ಮುಂದಿರುವ ಆನೆಗಳೂ ಮೂಲದವಲ್ಲ. ಅವುಗಳ ಹಿಂದೆ ಕುದುರೆಗಳ ಕಾಲು ಬಾಲಗಳ ಕುರುಹು ಉಳಿದಿದೆ. ಹೀಗೆ ಶಿಖರವನ್ನು ನೀಗಿಕೊಂಡು, ಕುದುರೆಗಳ ಸ್ಥಾನದಲ್ಲಿ ಆನೆಗಳನ್ನು ಪಡೆದು, ಪೂಜೆಯಿಲ್ಲದ ಗರ್ಭಗುಡಿಯ ಮುಂದೆ ನಿಂತಿರುವ ಗುಡಿಯೊಂದನ್ನು, ಅದರ ದೇವರಿಂದ ಬೇರ್ಪಡಿಸಿ ಪರಿಪೂರ್ಣ ಶಿಲ್ಪವೆಂದು ಮೆಚ್ಚುತ್ತಿದ್ದೇವೆ. ಗರುಡನ ನೋಟ ಯಾರನ್ನು ಅರಸುತ್ತದೆಯೋ ಆ ಸ್ವಾಮಿಯ ಮಹಾಮಂಟಪ ಚಿತ್ರದ ಚೌಕಟ್ಟಿನಿಂದ ಹೊರಗೇ ಉಳಿಯುತ್ತದೆ.

ವಸ್ತುವನ್ನು ಅದರ ಸಂಬಂಧಗಳಿಂದ ಬಿಡಿಸಿ ನೋಡುವ ಇದೇ ದೃಷ್ಟಿ ವಿರೂಪಾಕ್ಷನ ರಥಬೀದಿಯಲ್ಲಿ ಆಡಳಿತದ ನೀತಿಯಾಯಿತು. ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿಗಳನ್ನು ನಡೆಸಿಕೊಂಡಿದ್ದವರನ್ನು 2011ರಲ್ಲಿ ಒಕ್ಕಲೆಬ್ಬಿಸಲಾಯಿತು. ಅವರನ್ನು ಬರಿಯ ಒತ್ತುವರಿದಾರರೆಂದು ಕರೆದು ವ್ಯಾಜ್ಯ ಮುಗಿಯಿತೆನ್ನುವ ಸಂರಕ್ಷಣಾಪಕ್ಷದ ಪಂಡಿತರು, ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸನನ್ನು ಸಾಕ್ಷಿಗೆ ಕರೆಯುವುದರಲ್ಲಿ ಎಲ್ಲರಿಗಿಂತ ಮುಂದು. ಆದರೆ ಗುಡಿಯ ಮುಂದಿನ ಬೀದಿಯನ್ನು ವರ್ಣಿಸುವಾಗ ಅವನು ಯಾತ್ರಿಕರು ತಂಗುವ ಸಾಲುಮಂಟಪಗಳನ್ನೂ ವಸತಿಗೃಹಗಳನ್ನೂ ಹೇಳುತ್ತಾನೆಂಬುದನ್ನು ಮಾತ್ರ ಅವರು ನೆನೆಯರು. ಇತ್ತ ನಿಟ್ಟುಸಿರಿನ ಲೇಖಕರಿಗೂ ಆ ಜನರು ತಮ್ಮ ಏಕಾಂತಕ್ಕೆ ಒದಗಿದ ವಿಘ್ನವೇ ಹೊರತು ಊರಿನವರಲ್ಲ. ಒಬ್ಬರಿಗೆ ಶುದ್ಧವಾದ ಕಲ್ಲು ಬೇಕು, ಇನ್ನೊಬ್ಬರಿಗೆ ಶುದ್ಧವಾದ ಮೌನ. ವಾದ ಬೇರೆಯಾದರೂ ಇಬ್ಬರೂ ಬಯಸುವುದು ಬರಿದಾದ ಬೀದಿಯನ್ನೇ.

ಕಂಬಗಳ ನಡುವೆ ಗೋಡೆಯೆಬ್ಬಿಸಿ, ಪ್ರಾಚೀನ ಶಿಲೆಗೆ ಹೆಸರುಹಲಗೆ ತೂಗಿಸಿದ್ದು ಅಪಚಾರವೆಂಬುದನ್ನು ನಾನು ಅಲ್ಲಗಳೆಯೆನು. ಗೋಡೆಯನ್ನು ಕೆಡಹಿ, ಹಲಗೆಯನ್ನಿಳಿಸಿ, ವ್ಯಾಪಾರಕ್ಕೆ ಕಟ್ಟುನಿಟ್ಟಾದ ನಿಯಮ ವಿಧಿಸಬಹುದಿತ್ತು, ಬಾಳನ್ನೇ ಕಿತ್ತುಹಾಕಬೇಕಿರಲಿಲ್ಲ. ಚೈತ್ರದ ರಥೋತ್ಸವದಂದು ತುಂಬಿ ತುಳುಕುವ ಈ ಬೀದಿಯ ಮಂಟಪಗಳನ್ನು ಉಳಿದ ದಿನಗಳಲ್ಲಿ ಪಾಳುಬಿಟ್ಟು, ಆ ಪಾಳನ್ನೇ ಪರಂಪರೆಯೆಂದು ಯಾತ್ರಿಕನಿಗೆ ತೋರಿಸುವುದು ಸಂರಕ್ಷಣೆಯೆನಿಸಲಾರದು. ಹಂಪೆಗೆ ಜನಸಂದಣಿ ಮಾಡಿದ ಹಾನಿಯನ್ನು ತಿದ್ದಬಹುದು. ಊರನ್ನೇ ಹೊರಗಟ್ಟಿದ ಹಾನಿಗೆ ಪರಿಹಾರವಿಲ್ಲ.